ಹಾಡುವವರಿಗೆ ಇನ್‌ಸ್ಟಾಗ್ರಾಂ ಬೇಕೇ ಬೇಕಾ?

ಕಾರ್ಯಕ್ರಮ ಆಯೋಜನೆ, ಕಲಾವಿದರ ಡೇಟ್ ಹೊಂದಿಸುವುದು, ಸ್ಟೇಜ್ ಸೌಂಡ್ ನೋಡಿಕೊಳ್ಳುವುದು. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇದೇ. ಈ ಸಲ ಓದುಗರಿಂದ ಬಂದ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇವೆ: ಹಾಡುವವರು ಮತ್ತು ಸೋಶಿಯಲ್ ಮೀಡಿಯಾ. ಮೊದಲನೆಯದಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಉಳಿದವು ಚಿಕ್ಕವು.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸಂಗೀತ ಶಿಕ್ಷಕಿ. ಹದಿನೈದು ವರ್ಷದಿಂದ ಭಾವಗೀತೆ ಹಾಡುತ್ತಿದ್ದೇನೆ. ಆಕಾಶವಾಣಿಯವರು ಆಡಿಷನ್ ಮಾಡಿ ಕಲಾವಿದರಿಗೆ ಕೊಡುವ ಗ್ರೇಡ್‌ಗಳಲ್ಲಿ ನನಗೆ ಬಿ-ಹೈ ಇದೆ. ಕಳೆದ ರಾಜ್ಯೋತ್ಸವದ ಹೊತ್ತಿಗೆ ಕಾರ್ಯಕ್ರಮಕ್ಕೆ ಕರೆಯಲು ಬಂದವರು, “ಇನ್‌ಸ್ಟಾದಲ್ಲಿ ಎಷ್ಟು ಫಾಲೋವರ್ಸ್ ಇದ್ದಾರೆ ಮೇಡಂ?” ಎಂದು ಕೇಳಿದರು. ನನಗೆ ಅಕೌಂಟೇ ಇಲ್ಲ. ಆಮೇಲೆ ಅವರ ಫೋನ್ ಬರಲಿಲ್ಲ. ರೀಲ್ಸ್ ಮಾಡಲು ನನಗೆ ಮುಜುಗರ. ಕೇಳುಗರ ಜೊತೆ ಒಡನಾಟ ಇಟ್ಟುಕೊಳ್ಳಲು ಇದೆಲ್ಲ ನಿಜವಾಗಲೂ ಬೇಕಾ ಸರ್?

ಉತ್ತರ: ಹಾಗೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ ಬಿಡಿ. ಆದರೆ ಅವರ ಕಷ್ಟವನ್ನೂ ಸ್ವಲ್ಪ ನೋಡಿ. ಬಿ-ಹೈ ಅಂದರೆ ಏನು ಅಂತ ಆ ಮನುಷ್ಯನಿಗೆ ಗೊತ್ತಿಲ್ಲ. ಕಮಿಟಿಯವರು “ಇವರನ್ನೇ ಯಾಕೆ ಕರೀಬೇಕು?” ಅಂದಾಗ ತೋರಿಸೋಕೆ ಅವರಿಗೆ ಏನಾದರೂ ಬೇಕು. ಫಾಲೋವರ್ಸ್ ಸಂಖ್ಯೆ ಅದಕ್ಕೆ ಸುಲಭದ ದಾರಿ, ಅಷ್ಟೇ. ಅದರ ಬದಲು ಮೂರು ನಿಮಿಷದ ಒಂದು ಒಳ್ಳೆ ವಿಡಿಯೊ ಲಿಂಕ್ ನಿಮ್ಮ ಕೈಯಲ್ಲಿ ಇದ್ದಿದ್ದರೆ ಅದೇ ಸಾಕಾಗುತ್ತಿತ್ತು. ಕಮಿಟಿಯ ವಾಟ್ಸ್ಆಪ್ ಗ್ರೂಪಿಗೆ ಲಿಂಕ್ ಬೀಳುತ್ತದೆ, ಯಾರೋ ಒಬ್ಬರು ಅರ್ಧ ನಿಮಿಷ ಕೇಳಿ “ಚೆನ್ನಾಗಿ ಹಾಡ್ತಾರೆ” ಅಂತ ಹಾಕುತ್ತಾರೆ, ಉಳಿದವರು ಹೆಬ್ಬೆರಳು ಒತ್ತುತ್ತಾರೆ. ಎಷ್ಟೋ ಬುಕಿಂಗ್ ಆಗೋದು ಹೀಗೇ.

ನನ್ನ ಮಾತು ಇಷ್ಟು. ಅಭಿಮಾನಿ ಹುಟ್ಟೋದು ಸಭೆಯಲ್ಲಿ, ನೀವು ಹಾಡುವಾಗ. ಕಾರ್ಯಕ್ರಮ ಮುಗಿದ ಮೇಲೆ ಅವರು ನಿಮ್ಮ ಕೈತಪ್ಪಿ ಹೋಗದ ಹಾಗೆ ನೋಡಿಕೊಳ್ಳೋದು ಮಾತ್ರ ಫೋನಿನ ಕೆಲಸ. ನಮ್ಮ ಬಹಳ ಕಲಾವಿದರು ಸೋಲುತ್ತಿರುವುದು ಅಲ್ಲೇ. ರೀಲ್ಸ್ ಮಾಡದೇ ಇರುವುದರಿಂದ ಅಲ್ಲ.

ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಮಲೆನಾಡಿನ ಒಂದು ಊರು, ಗಣಪತಿ ಪೆಂಡಾಲು. ಗಾಯಕಿ ಬೇಂದ್ರೆಯವರ ಒಂದು ಪದ್ಯ ಹಾಡಿದರು. ಪ್ಲಾಸ್ಟಿಕ್ ಕುರ್ಚಿಯ ಸದ್ದೂ ಇರಲಿಲ್ಲ, ಅಷ್ಟು ಚೆನ್ನಾಗಿತ್ತು. ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ, ಜೊತೆಗೆ ಮೊಮ್ಮಗ, ಸ್ಟೇಜ್ ಪಕ್ಕಕ್ಕೆ ಬಂದರು. “ನಿಮ್ಮ ಹಾಡು ಎಲ್ಲಿ ಸಿಗ್ತದೆ ಅಮ್ಮಾ?” ಗಾಯಕಿ ನಕ್ಕು “ಯೂಟ್ಯೂಬಲ್ಲಿ ನೋಡಿ ಅಮ್ಮಾ, ಇದೆ” ಅಂದರು. ಹುಡುಗ ಅಲ್ಲೇ ಹುಡುಕಿದ. ಇಂಗ್ಲಿಷಲ್ಲಿ ಹೆಸರು ಹೊಡೆದರೆ ಬೇರೆ ಯಾರದೋ ಅಡುಗೆ ಚಾನೆಲ್. ಇನಿಶಿಯಲ್ ಸೇರಿಸಿದ, ಬರಲಿಲ್ಲ. ಕನ್ನಡದಲ್ಲಿ ಹೊಡೆದ, ಯಾರದೋ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದ ಅಲುಗಾಡುವ ಒಂದು ವಿಡಿಯೊ ಸಿಕ್ಕಿತು. ಅದರಲ್ಲಿ ಹಾಡಿಗಿಂತ ಪಾತ್ರೆ ಸದ್ದೇ ಜಾಸ್ತಿ. ಅಷ್ಟರಲ್ಲಿ ಗಾಯಕಿ ಕಾರು ಹತ್ತಿ ಆಗಿತ್ತು. ಆ ತಾಯಿ ಆ ಸಂಜೆ ಪಕ್ಕಾ ಅಭಿಮಾನಿ. ಆದರೆ ಮತ್ತೆ ಎಂದೂ ಆ ಗಾಯಕಿಯ ಸುದ್ದಿ ಅವರಿಗೆ ಸಿಗೋದಿಲ್ಲ.

ಹಿಂದೆ ಈ ಕೆಲಸ ಕ್ಯಾಸೆಟ್ ಮಾಡುತ್ತಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನೇ ಹೇಳುತ್ತಾರೆ. ಕ್ಯಾಸೆಟ್ ಕೊಂಡವರ ಮನೆಯಲ್ಲಿ ಅದು ಟೇಪ್‌ರೆಕಾರ್ಡರ್ ಪಕ್ಕ ವರ್ಷಗಟ್ಟಲೆ ಇರುತ್ತಿತ್ತು. ಕವರ್ ಮೇಲೆ ಕವಿಯ ಹೆಸರು, ಹಾಡಿದವರ ಹೆಸರು. ನೆಂಟರು ಬಂದರೆ ಹಾಕಿ ಕೇಳಿಸುತ್ತಿದ್ದರು. 2005ರಲ್ಲಿ ಗಾಯಕ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರವೇ ಸೇರಿತು. ಯೂಟ್ಯೂಬ್ ಶುರುವಾಗಿದ್ದೇ ಆ ವರ್ಷ. ಇದನ್ನು ತೋರಿಸಿ “ನೋಡಿ, ಸೋಶಿಯಲ್ ಮೀಡಿಯಾ ಇಲ್ಲದೇನೇ ಆಯ್ತಲ್ಲ” ಅನ್ನುವವರು ಇದ್ದಾರೆ. ಹೌದು, ಆಯಿತು. ಆದರೆ ಆ ಜನರ ಮನೆಗಳಲ್ಲಿ ಅಷ್ಟು ವರ್ಷದಿಂದ ಕ್ಯಾಸೆಟ್ ಕೂತಿತ್ತು, ರೇಡಿಯೊ ಹಾಡುತ್ತಿತ್ತು. ಇವತ್ತು ನಿಮ್ಮ ಕಾರ್ಯಕ್ರಮ ಕೇಳಿದವರು ಮನೆಗೆ ಏನೂ ತೆಗೆದುಕೊಂಡು ಹೋಗುತ್ತಿಲ್ಲ, ಅಲ್ವಾ?

ಹಾಗಾಗಿ ನಿಮಗೆ ಬೇಕಾಗಿರುವುದು ಎರಡೇ. ಮೊದಲನೆಯದು, ಹುಡುಕಿದರೆ ಸಿಗುವ ಒಂದು ಜಾಗ. ಅದು ಯೂಟ್ಯೂಬ್ ಆಗಲಿ. ನಿಮ್ಮ ಹೆಸರಲ್ಲೇ ಚಾನೆಲ್ ಮಾಡಿ, ಹೆಸರನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಪೋಸ್ಟರಿನಲ್ಲಿ, ಬ್ಯಾನರಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಅದೇ ಇರಲಿ. ಮೂರು ಹಾಡು ಸಾಕು, ಮೂವತ್ತು ಬೇಡ. ಚಿತ್ರ ಸುಮಾರಾಗಿದ್ದರೂ ಜನ ಕೇಳುತ್ತಾರೆ, ಧ್ವನಿ ಕೆಟ್ಟಿದ್ದರೆ ಹತ್ತು ಸೆಕೆಂಡೂ ನಿಲ್ಲೋದಿಲ್ಲ. ಆದ್ದರಿಂದ ಮುಂದಿನ ಕಾರ್ಯಕ್ರಮದಲ್ಲಿ ಸೌಂಡ್ ಹುಡುಗನಿಗೆ ಮೊದಲೇ ಹೇಳಿ, ಮಿಕ್ಸರ್‌ನಿಂದ ನೇರ ರೆಕಾರ್ಡ್ ಮಾಡಿಕೊಡುತ್ತಾನೆ. ಮೊಬೈಲನ್ನು ಟ್ರೈಪಾಡ್ ಮೇಲಿಟ್ಟು ತೆಗೆದ ವಿಡಿಯೊಗೆ ಆ ಧ್ವನಿ ಕೂಡಿಸಿದರೆ ಆಯಿತು. ಕೆಳಗೆ ಕವಿ, ರಾಗ ಸಂಯೋಜಕರು, ತಬಲ, ಕೀಬೋರ್ಡ್, ಕೊಳಲು ಎಲ್ಲರ ಹೆಸರೂ ಹಾಕಿ. ಅದು ಮರ್ಯಾದೆ. ಲಾಭವೂ ಇದೆ, ಅವರೂ ಅದನ್ನು ಹಂಚುತ್ತಾರೆ.

ಫೋನ್ ನಂಬರ್ ಹಾಕಲು ಹಿಂಜರಿಯಬೇಡಿ. ಈ ವಿಷಯದಲ್ಲಿ ಉತ್ತರ ಕರ್ನಾಟಕದ ಯೂಟ್ಯೂಬ್ ಜಾನಪದ ಗಾಯಕರು ನಮಗೆಲ್ಲ ಗುರುಗಳು. ಅವರ ವಿಡಿಯೊಗಳಲ್ಲಿ “ಕಾರ್ಯಕ್ರಮಗಳಿಗಾಗಿ ಸಂಪರ್ಕಿಸಿ” ಅಂತ ಮೊಬೈಲ್ ನಂಬರ್ ಎದ್ದು ಕಾಣುತ್ತದೆ. ಅವರಿಗೆ ಆ ವಿಡಿಯೊನೇ ವಿಸಿಟಿಂಗ್ ಕಾರ್ಡ್. ಯೂಟ್ಯೂಬ್ ದುಡ್ಡು ಬಂದರೆ ಬರಲಿ, ಜಾತ್ರೆಯ ಸ್ಟೇಜ್ ಸಿಗೋದು ಆ ನಂಬರ್‌ನಿಂದ. ನಂಬರ್ ಹಾಕಿದರೆ ಕಾಟ ಅಂತ ನಿಮಗೆ ಅನಿಸಿದರೆ, ಮಹಿಳಾ ಕಲಾವಿದರಿಗೆ ಆ ಭಯ ಸುಳ್ಳಲ್ಲ, ಎರಡನೇ ಸಿಮ್ ಇಟ್ಟುಕೊಳ್ಳಿ ಅಥವಾ ಮನೆಯವರೊಬ್ಬರ ನಂಬರ್ ಕೊಡಿ.

ಎರಡನೆಯದು ಒಂದು ನೋಟ್‌ಬುಕ್. ತಮಾಷೆ ಅಲ್ಲ. ಸಭಾಂಗಣದ ಬಾಗಿಲ ಬಳಿ ಒಂದು ಟೇಬಲ್, ಮೇಲೆ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. (ದಾರ ಕಟ್ಟದಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಪೆನ್ನು ಮಾಯ.) ಕೊನೆಯ ಹಾಡಿಗೆ ಮುಂಚೆ ಮೈಕಿನಲ್ಲಿ ಒಂದೇ ಮಾತು ಹೇಳಿ: “ಮುಂದಿನ ಕಾರ್ಯಕ್ರಮ ಎಲ್ಲಿ ಅಂತ ತಿಳಿಸಬೇಕು ಅನ್ನುವವರು ನಂಬರ್ ಬರೆದು ಹೋಗಿ.” ಕೊನೆಯ ಹಾಡಿನ ನಂತರ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಎಲ್ಲರಿಗೂ ಚಪ್ಪಲಿ ಹುಡುಕೋ ಗಡಿಬಿಡಿ.

ಆ ನಂಬರುಗಳನ್ನು ವಾಟ್ಸ್ಆಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಹಾಕಿ, ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿನಲ್ಲಿ 256 ಜನ ಹಿಡಿಯುತ್ತಾರೆ. ಒಂದು ತೊಡಕಿದೆ. ನಿಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿದ್ದರೆ ಮಾತ್ರ ಆ ಮೆಸೇಜು ತಲುಪುತ್ತದೆ. ಹಾಗಾಗಿ ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ “ನಮಸ್ಕಾರ, ನನ್ನ ನಂಬರ್ ಸೇವ್ ಮಾಡಿಕೊಳ್ಳಿ” ಅಂತ ಕಳಿಸಿ. ಗ್ರೂಪ್ ಮಾತ್ರ ಮಾಡಬೇಡಿ. ಮೂರನೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವು, ಆರನೇ ದಿನಕ್ಕೆ ರಾಜಕೀಯ. ಜನ ಜಾಸ್ತಿಯಾದರೆ ವಾಟ್ಸ್ಆಪ್ ಚಾನೆಲ್ ಇದೆ, ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣೋದಿಲ್ಲ. ತಿಂಗಳಿಗೆ ಎರಡು ಮೆಸೇಜ್ ಸಾಕು. ಕಾರ್ಯಕ್ರಮ ಇಲ್ಲದ ತಿಂಗಳು ಒಂದು ಪಲ್ಲವಿ ಹಾಡಿ ಆಡಿಯೊ ಕಳಿಸಿ.

ನೋಟ್‌ಬುಕ್ ಯಾಕೆ ಅಂತೀರಾ? 2020ರ ಜೂನ್ 29 ನೆನಪಿದೆಯಾ? ಆ ದಿನ ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರ ಬಳಿ ಬೆಳಗಾಗುವಷ್ಟರಲ್ಲಿ ಒಬ್ಬರ ವಿಳಾಸವೂ ಉಳಿಯಲಿಲ್ಲ. ಆ ದಿನದ ಮಾತು ಬಿಡಿ, ಮಾಮೂಲಿ ದಿನಗಳಲ್ಲೂ ನೀವು ಇನ್‌ಸ್ಟಾದಲ್ಲಿ ಹಾಕಿದ್ದು ನಿಮ್ಮ ಫಾಲೋವರ್ಸ್ ಎಲ್ಲರಿಗೂ ಕಾಣೋದಿಲ್ಲ. ಯಾರಿಗೆ ಕಾಣಬೇಕು ಅಂತ ಕಂಪನಿ ನಿರ್ಧರಿಸುತ್ತದೆ.

ಇನ್‌ಸ್ಟಾ ನಿಮಗೆ ಮುಜುಗರ ಅಂದಿರಿ. ಬಿಟ್ಟುಬಿಡಿ. ಮುಜುಗರ ಪಟ್ಟುಕೊಂಡು ಮಾಡಿದ ರೀಲ್ಸ್ ನೋಡುವವರಿಗೂ ಮುಜುಗರ. ಅಕೌಂಟ್ ಮಾಡಿ ಒಂದು ಫೋಟೊ, ಯೂಟ್ಯೂಬ್ ಲಿಂಕ್ ಹಾಕಿಟ್ಟರೆ ಸಾಕು, ಹುಡುಕುವವರಿಗೆ ದಾರಿ ಸಿಗುತ್ತದೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಅವರ ಕೈಗೆ ಕೊಡಿ, ಪಾಸ್‌ವರ್ಡ್ ಮಾತ್ರ ನಿಮ್ಮ ಬಳಿ ಇರಲಿ.

ಪ್ರಶ್ನೆ: ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನ ಕಲಿಯುತ್ತಿದ್ದೇನೆ, ವಯಸ್ಸು 22. ದಿನಕ್ಕೊಂದು ರೀಲ್ ಹಾಕದಿದ್ದರೆ ಬೆಳೆಯಲು ಆಗೋದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಹಾಕಿದರೆ ರಿಯಾಜ್‌ಗೆ (ಅಭ್ಯಾಸಕ್ಕೆ) ಸಮಯ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ: ರಿಯಾಜ್ ಬಿಟ್ಟು ರೀಲ್ ಮಾಡಿದರೆ ಎರಡು ವರ್ಷದಲ್ಲಿ ರೀಲ್‌ಗೆ ಹಾಕಲೂ ಏನೂ ಉಳಿಯೋದಿಲ್ಲ. ಇನ್ನು ನೀವು ಕಲಿಯುತ್ತಿರುವುದರ ಗಾತ್ರವನ್ನೇ ನೋಡಿ. ವಿಲಂಬಿತ (ನಿಧಾನ ಗತಿಯ) ಏಕತಾಲ ತೀರಾ ನಿಧಾನಕ್ಕೆ ಇಟ್ಟರೆ ತಾಳದ ಒಂದು ಸುತ್ತಿಗೇ, ಅಂದರೆ ಒಂದು ಆವರ್ತನಕ್ಕೇ, ಹತ್ತಿರಹತ್ತಿರ ಒಂದು ನಿಮಿಷ. ತೊಂಬತ್ತು ಸೆಕೆಂಡಿನ ರೀಲ್‌ನಲ್ಲಿ ಒಂದೂವರೆ ಆವರ್ತನ! ಬಢತ್, ಅಂದರೆ ರಾಗವನ್ನು ನಿಧಾನಕ್ಕೆ ಬಿಡಿಸುವುದು, ಶುರುವಾಗುವ ಮೊದಲೇ ಜನ ಮುಂದಿನ ನಾಯಿಮರಿ ವಿಡಿಯೊಗೆ ಹೋಗಿರುತ್ತಾರೆ.

ಆದರೂ ಖಯಾಲ್‌ನಲ್ಲಿ ರೀಲ್‌ಗೆ ಹೇಳಿಮಾಡಿಸಿದ ಒಂದು ಜಾಗ ಇದೆ. ವೇಗದ ಸ್ವರಗಳ ತಾನ್ ಮುಗಿಸಿ, ಹಾಡಿನ ಶುರುವಿನ ತುಣುಕಾದ ಮುಖಡಾ ಹಿಡಿದು, ತಾಳದ ಮೊದಲ ಪೆಟ್ಟಾದ ಸಮ್ ಮೇಲೆ ಬಂದು ಕೂರುವ ಆ ಹದಿನೈದು ಇಪ್ಪತ್ತು ಸೆಕೆಂಡು. ತಬಲದವರ ಮುಖದಲ್ಲಿ ನಗು ಬರುತ್ತಲ್ಲ, ಆ ಕ್ಷಣ. ಸಂಗೀತ ಗೊತ್ತಿಲ್ಲದವರಿಗೂ ಅದು ತಟ್ಟುತ್ತದೆ. ಪೂರ್ತಿ ಬೈಠಕ್ (ಕಚೇರಿ) ಒಂದನ್ನು ರೆಕಾರ್ಡ್ ಮಾಡಿ, ಅದರಿಂದ ಅಂಥ ನಾಲ್ಕೈದು ತುಣುಕು ಕತ್ತರಿಸಿ ಇಟ್ಟುಕೊಳ್ಳಿ. ಒಂದು ಭಾನುವಾರ ಮಧ್ಯಾಹ್ನದ ಕೆಲಸ. ವಾರಕ್ಕೊಂದರಂತೆ ಹಾಕಿದರೆ ಒಂದು ತಿಂಗಳು ಆಯಿತು. ಪೂರ್ತಿ ರಾಗ ಯೂಟ್ಯೂಬಿನಲ್ಲಿ ಇರಲಿ. ಗುರುಗಳನ್ನು ಕೇಳದೆ ಮಾತ್ರ ಏನೂ ಹಾಕಬೇಡಿ. ಇದರಲ್ಲಿ ನಾನು ಹಳೇ ಕಾಲದವನು.

ಪ್ರಶ್ನೆ: ಯೂಟ್ಯೂಬ್‌ನಿಂದ ದುಡ್ಡು ಬರುತ್ತಾ? ಪ್ರಸಿದ್ಧ ಕವಿಗಳ ಗೀತೆ ಹಾಡಿ ಹಾಕಿದರೆ ಕಾಪಿರೈಟ್ ಕ್ಲೇಮ್ ಬರುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್ಸ್ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಈ ಗಂಟೆಗಳಿಗೆ ಸೇರೋದಿಲ್ಲ, ಅದಕ್ಕೆ ಬೇರೆ ಲೆಕ್ಕ. ನಾಲ್ಕು ನಿಮಿಷದ ಹಾಡನ್ನು ಜನ ಪೂರ್ತಿ ಕೇಳಿದರೂ 60,000 ಸಲ ಕೇಳಬೇಕು. ಸ್ಪಾಟಿಫೈನಲ್ಲೂ 2024ರಿಂದ ವರ್ಷಕ್ಕೆ ಸಾವಿರ ಸಲ ಕೇಳದ ಹಾಡಿಗೆ ರಾಯಲ್ಟಿ ಇಲ್ಲ. ಮನೆ ನಡೆಸುವ ದುಡ್ಡು ಇಲ್ಲಿ ಬರುತ್ತೆ ಅಂತ ಕಾಯಬೇಡಿ.

ಕ್ಲೇಮ್ ಮಾತು ನಿಜ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ದಾಸರ ಪದ, ವಚನಗಳ ಸಾಹಿತ್ಯಕ್ಕೆ ಈ ತೊಂದರೆ ಇಲ್ಲ. ಆದರೆ ನೀವು ಹಾಡುವ ಮಟ್ಟು ಇತ್ತೀಚಿನ ಸಂಯೋಜಕರದ್ದಾಗಿದ್ದರೆ ಅದಕ್ಕೆ ಹಕ್ಕಿದೆ. ಕ್ಯಾಸೆಟ್ ಕಂಪನಿಯ ಟ್ರ್ಯಾಕ್ ಮೇಲೆ ಹಾಡಿದರೆ ಯೂಟ್ಯೂಬಿನ ಮಷೀನೇ ಹಿಡಿಯುತ್ತದೆ. ಕ್ಲೇಮ್ ಬಂದರೆ ಗಾಬರಿ ಬೇಡ, ಸಾಮಾನ್ಯವಾಗಿ ವಿಡಿಯೊ ಅಲ್ಲೇ ಇರುತ್ತದೆ, ದುಡ್ಡು ಹಕ್ಕುದಾರರಿಗೆ ಹೋಗುತ್ತದೆ. ಹಕ್ಕುದಾರರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವ ಸ್ಟ್ರೈಕ್ ಬೇರೆ. ತೊಂಬತ್ತು ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಕವಿಯ ಮನೆಯವರನ್ನು, ಸಂಯೋಜಕರನ್ನು ಕೇಳಿ ಒಪ್ಪಿಗೆ ಪಡೆದುಕೊಳ್ಳಿ. ಬಹಳಷ್ಟು ಮಂದಿ ಖುಷಿಯಿಂದಲೇ ಕೊಡುತ್ತಾರೆ, ಯಾರೂ ಕೇಳೋದೇ ಇಲ್ಲ ಅನ್ನೋದು ಅವರ ಬೇಜಾರು.

ಪ್ರಶ್ನೆ: ಮಗಳ ಚಾನೆಲ್‌ಗೆ ದುಡ್ಡು ಕೊಟ್ಟು ಫಾಲೋವರ್ಸ್ ಹಾಕಿಸಬಹುದಾ?

ಉತ್ತರ: ಬೇಡ. ಐವತ್ತು ಸಾವಿರ ಫಾಲೋವರ್ಸ್, ಹಾಡಿಗೆ ನಲವತ್ತು ಲೈಕ್. ಆಯೋಜಕರಿಗೆ ಈಗ ಅಷ್ಟು ಲೆಕ್ಕ ಗೊತ್ತಿದೆ.

ಪ್ರಶ್ನೆ: ಅಮೆರಿಕದಲ್ಲಿ ನಮ್ಮೂರಿನ ಕನ್ನಡ ಕೂಟಕ್ಕೆ ಯುಗಾದಿಗೆ ಗಾಯಕರನ್ನು ಕರೆಸಬೇಕಿತ್ತು. ಮೂವರಿಗೆ ಇನ್‌ಸ್ಟಾದಲ್ಲಿ ಮೆಸೇಜ್ ಮಾಡಿದೆವು. ಒಬ್ಬರೂ ಉತ್ತರ ಕೊಡಲಿಲ್ಲ. ಇಷ್ಟೊಂದು ಅಹಂಕಾರವೇ?

ಉತ್ತರ: ಅಹಂಕಾರ ಇರಲಿಕ್ಕಿಲ್ಲ. ಇನ್‌ಸ್ಟಾದಲ್ಲಿ ಪರಿಚಯ ಇಲ್ಲದವರ ಮೆಸೇಜು ‘ರಿಕ್ವೆಸ್ಟ್ಸ್’ ಅನ್ನುವ ಬೇರೆ ಡಬ್ಬಕ್ಕೆ ಬೀಳುತ್ತದೆ. ಬಹಳ ಕಲಾವಿದರು ಅದನ್ನು ತೆರೆದೇ ನೋಡಿರೋದಿಲ್ಲ. ಒಬ್ಬ ಗಾಯಕರ ಫೋನಿನಲ್ಲಿ ನಾನೇ ಆ ಡಬ್ಬ ತೆಗೆದು ತೋರಿಸಿದೆ. ಎರಡು ಮದುವೆ ರಿಸೆಪ್ಶನ್, ಒಂದು ಕಾಲೇಜು ವಾರ್ಷಿಕೋತ್ಸವ ಅಲ್ಲೇ ಕೂತು ದಿನಾಂಕ ದಾಟಿ ಹೋಗಿದ್ದವು. ಪಾಪ, ಅವರು ಸುಮ್ನೆ ನನ್ನ ಮುಖ ನೋಡಿದರು.

ಇನ್ನು ಮೇಲೆ ಹೀಗೆ ಮಾಡಿ. ನಿಮಗೆ ಇಷ್ಟವಾದ ವಿಡಿಯೊದಲ್ಲಿ ತಬಲ ಯಾರು ನುಡಿಸಿದ್ದಾರೆ ನೋಡಿ, ಅವರ ನಂಬರ್ ಹುಡುಕಿ. ತಬಲದವರ ಬಳಿ ಊರಿನ ಗಾಯಕರೆಲ್ಲರ ನಂಬರ್ ಇರುತ್ತದೆ, ಯಾರ ಡೇಟ್ ಖಾಲಿ ಇದೆ ಅನ್ನೋದೂ ಗೊತ್ತಿರುತ್ತದೆ. ಫೋನೂ ಎತ್ತುತ್ತಾರೆ.