ಹಳೆಯ ಸ್ಮಶಾನದಲ್ಲೊಂದು ಡಬ್ಬಿ

ಪ್ರಶ್ನೆ: ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಹತ್ತು ವರ್ಷದ ಮಗನಿಗೆ ಜಿಯೋಕ್ಯಾಷಿಂಗ್ ಹುಚ್ಚು. ಜಿಪಿಎಸ್ ನೋಡಿಕೊಂಡು ಯಾರೋ ಬಚ್ಚಿಟ್ಟ ಡಬ್ಬಿಯನ್ನು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲಿಯೇ ಇಡುವ ಆಟ. ಕಳೆದ ವಾರ ಅದು ನಮ್ಮನ್ನು ಜೋಳದ ಹೊಲಗಳ ನಡುವಿನ ಪಾಳು ಸ್ಮಶಾನಕ್ಕೆ ಕರೆದೊಯ್ದಿತು. ತೀರ್ಥಹಳ್ಳಿಯಿಂದ ಬಂದಿರುವ ಅತ್ತೆಯವರು "ಸತ್ತವರ ಜಾಗದಲ್ಲಿ ಆಟವೇ?" ಎಂದು ನೊಂದುಕೊಂಡರು, ಸ್ನಾನ ಮಾಡದೆ ಮನೆಯೊಳಗೆ ಏನನ್ನೂ ಮುಟ್ಟಬೇಡಿ ಎಂದರು. ಮಗ ಈಗ ತಾನೂ ಅಲ್ಲೊಂದು ಡಬ್ಬಿ ಇಡಬೇಕು, ಪಾಚಿ ಹಿಡಿದ ಕಲ್ಲುಗಳನ್ನು ಉಜ್ಜಿ ಹೆಸರು ಓದಬೇಕು ಎನ್ನುತ್ತಿದ್ದಾನೆ. ಬಿಡಬಹುದೇ?
– ಓದುಗರೊಬ್ಬರು, ಬ್ಲೂಮಿಂಗ್ಟನ್

ಉತ್ತರ: ಅತ್ತೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ನನ್ನನ್ನೂ ಅದೇ ಸೀಮೆಯ ಇಂಥದೊಂದು ಸ್ಮಶಾನಕ್ಕೆ ಎಳೆದೊಯ್ದಿದ್ದಳು. ನಾನು ಗೇಟಿನ ಬಳಿಯೇ ನಿಂತುಬಿಟ್ಟಿದ್ದೆ. ಕೊನೆಗೂ ಒಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಲಗಿದ ಕುರಿಮರಿಯನ್ನು ಕೆತ್ತಿದ ಮೊಣಕಾಲೆತ್ತರದ ಕಲ್ಲು. ಮಕ್ಕಳ ಗೋರಿಗೆ ಆ ಕಾಲದವರು ಕುರಿಮರಿ ಕೆತ್ತಿಸುತ್ತಿದ್ದರು. ಹುಟ್ಟಿದ ತಾರೀಖು ಇರಲಿಲ್ಲ; ಬದುಕಿದ್ದು ಎಷ್ಟು ಎಂಬ ಲೆಕ್ಕವಿತ್ತು: 2 ವರ್ಷ, 4 ತಿಂಗಳು, 11 ದಿನ. ದಿನಗಳನ್ನೂ ಬಿಡದೆ ಎಣಿಸಿಟ್ಟ ಆ ತಾಯಿಯನ್ನು ಇಂದಿಗೂ ನೆನೆಯುತ್ತೇನೆ. ಡಬ್ಬಿಯ ನೆಪವಿಲ್ಲದಿದ್ದರೆ ಆ ಲೆಕ್ಕವನ್ನು ನಾನು ಓದುತ್ತಲೇ ಇರಲಿಲ್ಲ. ಆದ್ದರಿಂದ ಮಗನನ್ನು ಕರೆದುಕೊಂಡು ಹೋಗಿ ಎಂದೇ ಹೇಳುತ್ತೇನೆ.

ಡಬ್ಬಿ ಇಡುವುದು ಬೇರೆ ಮಾತು. 2000ದ ಮೇ ಆರಂಭದಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಜಾಗ ನಿಖರವಾಗಿ ತಿಳಿಯದಂತೆ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿದ ಬೆನ್ನಲ್ಲೇ, ಮೇ 3ರಂದು ಡೇವ್ ಉಲ್ಮರ್ ಎಂಬವರು ಒರೆಗಾನ್‌ನಲ್ಲಿ ಬಕೆಟ್ಟೊಂದನ್ನು ನೆಲದಲ್ಲಿ ಹುದುಗಿಸಿಟ್ಟದ್ದರಿಂದ ಈ ಆಟ ಶುರುವಾಯಿತು. ಈಗ ಜಾಗದ ಒಡೆಯರು ಒಪ್ಪದೆ ನೆಲ ಅಗೆಯುವಂತಿಲ್ಲ. ಸ್ಮಶಾನದಲ್ಲಂತೂ ಆ ಯೋಚನೆಯೇ ಬೇಡ. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರವಿರಬೇಕೆಂಬ ನಿಯಮವೂ ಇದೆ. ಸಣ್ಣ ಸ್ಮಶಾನದಲ್ಲಿ ಈಗಾಗಲೇ ಒಂದಿದ್ದರೆ ಎರಡನೆಯದಕ್ಕೆ ಜಾಗವಿಲ್ಲ. ಬೇರೆ ಸ್ಮಶಾನ ಹುಡುಕುವುದಾದರೆ, ಪಾಳು ಬಿದ್ದ ಮಾತ್ರಕ್ಕೆ ಅದಕ್ಕೆ ವಾರಸುದಾರರಿಲ್ಲ ಎಂದುಕೊಳ್ಳಬೇಡಿ. ಟೌನ್‌ಶಿಪ್ ಕಚೇರಿಯನ್ನೋ ಹತ್ತಿರದ ಚರ್ಚನ್ನೋ ವಿಚಾರಿಸಿ, ಒಪ್ಪಿಗೆ ಸಿಕ್ಕರೆ ಡಬ್ಬಿಯನ್ನು ಬೇಲಿಯ ಕಂಬಕ್ಕೆ ಕಟ್ಟಿ. ಗೋರಿಗಳ ನಡುವೆ ಬೇಡವೇ ಬೇಡ. ನೀಲಿ ಛಾಯೆಯ ಬೂದು ಬಣ್ಣದ ಸ್ಮಾರಕ ಕಂಡರೆ ಅದು ಕಲ್ಲಲ್ಲ, ಸತುವಿನದು. 19ನೇ ಶತಮಾನದ ಕೊನೆಯಲ್ಲಿ ಅಂಥವು ಬಹಳ ಮಾರಾಟವಾಗುತ್ತಿದ್ದವು. ಒಳಗೆ ಟೊಳ್ಳು, ಹಲಗೆಗಳಿಗೆ ಸ್ಕ್ರೂ. ಬಚ್ಚಿಡಲು ಎಂಥ ಜಾಗ ಎಂದು ಮಕ್ಕಳ ಕೈ ತುರಿಸುತ್ತದೆ. ಆ ಸ್ಕ್ರೂ ಮುಟ್ಟಕೂಡದೆಂದು ಮೊದಲೇ ಹೇಳಿಬಿಡಿ.

ಕಲ್ಲು ಉಜ್ಜುವುದನ್ನು ಖಂಡಿತ ತಡೆಯಿರಿ. ಹಳೆಯ ಅಮೃತಶಿಲೆ ಮಳೆಗೆ ಸವೆದು ಸಕ್ಕರೆಯಂತೆ ಉದುರುತ್ತಿರುತ್ತದೆ. ತಂತಿ ಬ್ರಷ್, ಬ್ಲೀಚ್, ಅಕ್ಷರ ಕಾಣಲೆಂದು ಕೆಲವರು ಬಳಿಯುವ ಶೇವಿಂಗ್ ಕ್ರೀಮ್ ಎಲ್ಲವೂ ಹಾನಿಯೇ. ಮನೆಯಿಂದ ಒಂದು ಕನ್ನಡಿ ಒಯ್ಯಿರಿ. ಬಿಸಿಲನ್ನು ಅದರಲ್ಲಿ ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಬೀಳಿಸಿದರೆ, ಮಾಸಿದ ಅಕ್ಷರಗಳು ನೆರಳಿನೊಂದಿಗೆ ಎದ್ದು ನಿಲ್ಲುತ್ತವೆ. ನನ್ನ ಮೊಮ್ಮಗಳು ಡಬ್ಬಿಯನ್ನೇ ಮರೆತು ಸಂಜೆಯವರೆಗೂ ಹೀಗೆ ಹೆಸರುಗಳನ್ನು ಓದುತ್ತಾ ಕುಳಿತಳು. ವಾಲಿದ ಕಲ್ಲುಗಳಿಗೆ ಮಾತ್ರ ಒರಗಬಾರದು. ಅವು ಮಕ್ಕಳ ಮೇಲೆ ಬೀಳುವಷ್ಟು ಭಾರವಿರುತ್ತವೆ.

ಆಳೆತ್ತರದ ಹುಲ್ಲನ್ನು "ಕಳೆ" ಎಂದು ಕೀಳಿಸಬೇಡಿ. ಇಲಿನಾಯ್‌ನ ಮೂಲ ಹುಲ್ಲುಗಾವಲಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಅಳಿದುಹೋಗಿದೆ. ನೇಗಿಲು ತಾಗದೆ ಉಳಿದ ಚೂರುಪಾರು ಇರುವುದು ಹಳೆಯ ಸ್ಮಶಾನಗಳಲ್ಲಿ, ರೈಲು ಹಳಿಗಳ ಪಕ್ಕದಲ್ಲಿ. ನಿಮ್ಮ ಕೌಂಟಿಯಲ್ಲಿಯೇ ಇರುವ ವೆಸ್ಟನ್ ಸ್ಮಶಾನದ ಹುಲ್ಲುಗಾವಲು ಅಂಥದ್ದು. ಬೇಸಿಗೆಯಲ್ಲಿ ಒಮ್ಮೆ ಅತ್ತೆಯವರಿಗೂ ಅದರ ಹೂಗಳನ್ನು ತೋರಿಸಿ.

ಅವರು ಹೇಳಿದ ಸ್ನಾನವನ್ನು ತಪ್ಪಿಸಬೇಡಿ. ಆ ಹುಲ್ಲಿನಲ್ಲಿ ಲೈಮ್ ಕಾಯಿಲೆ ಹರಡುವ ಉಣ್ಣೆಗಳಿರುತ್ತವೆ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರಿಗೆ ಉಣ್ಣೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಗನ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಇವನ್ನು ನೋಡುವ ಕೆಲಸವನ್ನು ಅವರಿಗೇ ವಹಿಸಿ.