ಬಿಸ್ಕತ್ತಿನ ಡಬ್ಬದಲ್ಲಿ ಬಿಸ್ಕತ್ತಿರಲಿಲ್ಲ

“ಮೇಡಂ, ಕೋವಿ ಮುಟ್ಟಬಾರದು ಅಂತ ನೀವೊಮ್ಮೆ ಇವನಿಗೆ ಬುದ್ಧಿ ಹೇಳಿ. ನಮ್ಮ ಮಾತು ಕೇಳೋದಿಲ್ಲ.”

ಕೊಡಗಿನಲ್ಲಿ ಮಕ್ಕಳ ಆಪ್ತಸಲಹೆ ಮಾಡುವ ನನಗೆ ಈ ಮಾತು ಹೊಸದಲ್ಲ. ವರ್ಷಕ್ಕೆ ಎರಡು ಮೂರು ಮನೆಯವರಾದರೂ ಇದನ್ನೇ ಕೇಳಿಕೊಂಡು ಬರುತ್ತಾರೆ. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಕಾಫಿ ತೋಟದ ಮನೆ. ಅಪ್ಪ, ಅಮ್ಮ, ಅಜ್ಜ, ಪಿಯುಸಿ ಓದುವ ಅಕ್ಕ, ಎಂಟು ವರ್ಷದ ತಮ್ಮ. ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಕಳೆದ ಮರುದಿನ ಈ ಹುಡುಗ ಮತ್ತು ಅವನ ದೊಡ್ಡಪ್ಪನ ಮಗ ಸೇರಿ ಅಜ್ಜನ ಕೋವಿಯನ್ನು ಬೀರುವಿನಿಂದ ಹೊರಗೆ ತೆಗೆದಿದ್ದರು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಮಗನಿಗೆ ಬೆಲ್ಟಿನಲ್ಲಿ ಬಾರಿಸಿದರು. ಅಂದಿನಿಂದ ಹುಡುಗ ರಾತ್ರಿ ಬೆಚ್ಚಿ ಏಳುತ್ತಿದ್ದ.

ಮೊದಲ ದಿನ ಅವನು ಬಾಯೇ ಬಿಡಲಿಲ್ಲ. ಎರಡನೇ ಸಲ ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು “ನಿಮ್ಮ ಮನೆ ಬರಿ” ಅಂದೆ. ನಾಯಿ ಬರೆದ, ಕಾಫಿ ಒಣಗಿಸುವ ಕಣ ಬರೆದ. ಆಮೇಲೆ ಒಳಗಿನ ಕೋಣೆ. ಬೀರು, ಗೋಡೆಯಲ್ಲಿ ಗಡಿಯಾರ, ಗಡಿಯಾರದ ಹಿಂದಿನಿಂದ ಇಣುಕುವ ಒಂದು ಸಣ್ಣ ಗೀಟು. ಅಟ್ಟದ ಮೇಲೊಂದು ಚೌಕ ಡಬ್ಬ.

“ಇದೇನು ಮರಿ?”

“ಬೀಗದ ಕೈ. ಗಡಿಯಾರದ ಹಿಂದೆ ಇರುತ್ತೆ.”

“ಇದು?”

“ಬಿಸ್ಕತ್ತಿನ ಡಬ್ಬ. ಬಿಸ್ಕತ್ತಿಲ್ಲ. ಕೋವಿಗೆ ಹಾಕೋ ತೋಟೆ ಇದೆ.”

“ಕೋವಿ ಮುಟ್ಟಬಹುದಾ?”

“ಮುಟ್ಟಬಾರದು.” ಮಗ್ಗಿ ಒಪ್ಪಿಸುವ ಹಾಗೆ ಹೇಳಿದ. ಪೆನ್ಸಿಲ್ ತುದಿ ಕಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಣ್ಣ ನಂಗೆ ಹೆದರುಪುಕ್ಕಲ ಅಂದ ಆಂಟಿ.”

ನಾನು ಹೇಳಬೇಕಾದ ಬುದ್ಧಿಮಾತು ಹುಡುಗನಿಗೆ ಬಾಯಿಪಾಠ ಆಗಿತ್ತು. ಅಣ್ಣ ಹಂಗಿಸಿದಾಗ ಆ ಪಾಠ ಕೆಲಸಕ್ಕೆ ಬರಲಿಲ್ಲ.

ಅಪ್ಪ ಹೊಡೆಯುವುದಿಲ್ಲ ಎಂದು ಅವರ ಬಾಯಿಂದಲೇ ಹೇಳಿಸಿದ ಮೇಲೆ, ಹುಡುಗನನ್ನು ಕೇಳಿ ಚಿತ್ರವನ್ನು ಮನೆಯವರಿಗೆ ತೋರಿಸಿದೆ. ಅಮ್ಮ ಕುರ್ಚಿ ಹಿಡಿದುಕೊಂಡರು. “ಕೀ ಎಲ್ಲಿದೆ ಅಂತ ಇವನಿಗೆ ಗೊತ್ತೇ ಇಲ್ಲ ಅಂದುಕೊಂಡಿದ್ವಿ.”

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಮೆರಿಕದ ಅಲಬಾಮಾದ ಹಳ್ಳಿಗಾಡಿನಲ್ಲಿ ಕೋವಿ ಇರುವ ಮನೆಗಳ ಬಗ್ಗೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ‘ಕೋವಿ ಇಡುವ ಜಾಗ ಮಗುವಿಗೆ ಗೊತ್ತಿಲ್ಲ’ ಎಂದ ತಂದೆತಾಯಿಗಳಲ್ಲಿ 39%ರಷ್ಟು ಜನರ ಮಕ್ಕಳು ‘ನಮಗೆ ಗೊತ್ತು’ ಎಂದಿದ್ದರು. ಅದಕ್ಕೂ ಮೊದಲು, 2001ರಲ್ಲಿ, ಇನ್ನೊಂದು ಅಧ್ಯಯನ ಬಂದಿತ್ತು. 8ರಿಂದ 12 ವರ್ಷದ ಹುಡುಗರನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟಿದ್ದರು. ಅಲ್ಲಿನ ಡ್ರಾಯರಿನಲ್ಲಿ ಗುಂಡಿಲ್ಲದ ನಿಜ ಪಿಸ್ತೂಲು ಅಡಗಿಸಿಟ್ಟಿದ್ದರು. ಅದು ಕಣ್ಣಿಗೆ ಬಿದ್ದ 21 ಗುಂಪುಗಳಲ್ಲಿ 16 ಗುಂಪಿನ ಹುಡುಗರು ಕೈಗೆತ್ತಿಕೊಂಡರು. ಅವರಲ್ಲಿ ಹೆಚ್ಚಿನವರಿಗೆ ‘ಮುಟ್ಟಬೇಡ’ ಪಾಠ ಮೊದಲೇ ಆಗಿತ್ತು.

ಅಜ್ಜನಿಗೆ ನನ್ನ ಮಾತು ಹಿಡಿಸಲಿಲ್ಲ. “ನಾಲ್ಕು ತಲೆಮಾರಿನಿಂದ ಮನೆಯಲ್ಲಿ ಕೋವಿ ಇದೆ ಮೇಡಂ. 1861ರಿಂದ ನಮಗೆ ಕೊಡವರಿಗೆ ಕೋವಿ ಲೈಸನ್ಸಿನ ವಿನಾಯಿತಿ ಇದೆ. ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸುತ್ತೇವೆ, ಯಾರಾದರೂ ಸತ್ತರೆ ಎರಡು. ಅದನ್ನು ಕಳ್ಳಮಾಲಿನ ಹಾಗೆ ಬಚ್ಚಿಡಬೇಕಾ?”

ಅವರ ನೋವು ನನಗೆ ಅರ್ಥವಾಯಿತು. ನಾನು ಕೋವಿಯ ವಿರುದ್ಧ ಇಲ್ಲ. ಹಬ್ಬದ ದಿನ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುವ ಜನರ ನಡುವೆಯೇ ನಾನು ಬದುಕುತ್ತಿದ್ದೇನೆ. ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ್ದೂ ಗೊತ್ತು. ಆದರೆ ಸರ್ಕಾರ ವಿನಾಯಿತಿ ಕೊಟ್ಟದ್ದು ಲೈಸನ್ಸಿಗೆ ಮಾತ್ರ ಅಲ್ವಾ? ಬೀಗ ಹಾಕುವುದು ದೊಡ್ಡವರ ಕೆಲಸ. ಅದನ್ನು ಎಂಟು ವರ್ಷದ ಮಗುವಿನ ತಿಳಿವಳಿಕೆಗೆ ಬಿಡಬೇಡಿ ಅಂದೆ. ಕೋವಿಯಲ್ಲಿ ತೋಟೆ ತುಂಬಿಡಬೇಡಿ. ಕೋವಿಗೊಂದು ಬೀಗ, ತೋಟೆಗೆ ಬೇರೆ ಕಡೆ ಇನ್ನೊಂದು ಬೀಗ. ಕೀ ಗಡಿಯಾರದ ಹಿಂದೆ ಬೇಡ, ನಿಮ್ಮ ಮೈಮೇಲೇ ಇರಲಿ. ಅಜ್ಜ ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಮೆಲ್ಲಗೆ ಹೇಳಿದಳು. “ಡಬ್ಬ ಈಗ ಅಟ್ಟದಲ್ಲಿಲ್ಲ. ಅಕ್ಕಿ ಡ್ರಮ್ಮಿನ ಹಿಂದೆ ಇದೆ.”

“ಅವಳು ದೊಡ್ಡವಳು, ಅವಳ ಚಿಂತೆ ಇಲ್ಲ” ಅಂದರು ಅಪ್ಪ.

ನನ್ನನ್ನು ಇವತ್ತಿಗೂ ಕಾಡುವುದು ಈ ಮಾತು. ಹದಿನೇಳರ ಮಗಳು, ಪರೀಕ್ಷೆ ಹತ್ತಿರ, ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಅಮ್ಮನೇ ಆಮೇಲೆ ಹೇಳಿದರು. ಈ ವಯಸ್ಸಿನಲ್ಲಿ ಬೇಸರ ಒಮ್ಮೆಲೇ ಉಕ್ಕುತ್ತದೆ, ಒಂದಿಷ್ಟು ಹೊತ್ತು ಕಳೆದರೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೋವಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಅವಳ ಜೊತೆ ಬೇರೆಯಾಗಿ ಕೂತು ನೇರವಾಗಿಯೇ ಕೇಳಿದೆ, “ಬದುಕು ಬೇಡ ಅನ್ನಿಸುತ್ತಾ?” ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಎಂದು ಹೆದರಬೇಡಿ, ಹೋಗುವುದಿಲ್ಲ. ಅವಳು ತುಂಬಾ ಹೊತ್ತು ಅತ್ತಳು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ನನ್ನ ಬಳಿಯೂ ವಾರಕ್ಕೊಮ್ಮೆ ಬರುತ್ತಿದ್ದಾಳೆ. ಫಲಿತಾಂಶ ಬರುವವರೆಗೆ ಕೋವಿ ಮನೆಯಲ್ಲೇ ಬೇಡ, ಕಾನೂನು ಒಪ್ಪುವ ಬೇರೆ ಜಾಗದಲ್ಲಿರಲಿ ಅಂದೆ. ಅತಿಯಾಯಿತು ಅಂದರು. ಆಗಲಿ, ಈ ಸಲಹೆ ಹಿಂದಕ್ಕೆ ಪಡೆಯಲಾರೆ.

ಹುಡುಗನಿಗೂ ಪಾಠ ಬಿಡಲಿಲ್ಲ. ಆದರೆ ಬಾಯಿಮಾತಿನಲ್ಲಿ ಅಲ್ಲ, ಆಡಿಸಿ. ಕೋಲನ್ನು ಗೋಡೆಗೆ ಒರಗಿಸಿ, ನಾನೇ ಅಣ್ಣನಾಗಿ ‘ಹೆದರುಪುಕ್ಕಲ’ ಎಂದು ಹಂಗಿಸಿದೆ. ಮುಟ್ಟದೆ ಹೊರಗೆ ಓಡಿ ಹೋಗಿ ಅಮ್ಮನಿಗೆ ಹೇಳಬೇಕು. ಏಳೆಂಟು ಸಲ ಆಡಿದೆವು, ಕೊನೆಕೊನೆಗೆ ನಗುತ್ತಲೇ ಓಡಿದ. ಅಪ್ಪನಿಗೆ ಒಂದೇ ಮಾತು ಹೇಳಿದೆ: ಬಂದು ಹೇಳಿದ ಮಗುವಿಗೆ ಹೊಡೆದರೆ, ಮುಂದಿನ ಸಲ ಅದು ಹೇಳುವುದಿಲ್ಲ.

ಹೋದ ತಿಂಗಳು ಅಮ್ಮ ಫೋನ್ ಮಾಡಿದ್ದರು. ಗೆಳೆಯನ ಮನೆಯ ಬಚ್ಚಲ ಬಾಗಿಲಲ್ಲಿ ಕೋವಿ ಒರಗಿಸಿಟ್ಟಿದ್ದರಂತೆ. ಹುಡುಗ ಆಟ ಬಿಟ್ಟು ಓಡಿ ಬಂದು ಹೇಳಿದ. ಇವರು ಆ ಮನೆಯವರನ್ನು ಕೇಳಿದ್ದಕ್ಕೆ ಅವರಿಗೆ ಬೇಜಾರಾಗಿದೆ.

“ಈಗ ಅವರಿಗೆ ಏನು ಹೇಳೋದು ಮೇಡಂ?”

“ನನ್ನ ನಂಬರ್ ಕೊಡಿ” ಅಂದೆ. ಇನ್ನೂ ಫೋನ್ ಬಂದಿಲ್ಲ.