ಲಾ ಮಾಡೋಕೆ ಮುಂಚೆ ಯಾವ ಡಿಗ್ರಿ ತಗೊಂಡ್ರೆ ಒಳ್ಳೇದು?

ಮಂಡ್ಯದಲ್ಲಿ ಪಿಯುಸಿ ಮುಗ್ಸಿದೀನಿ, ಡಿಗ್ರಿ ಆದ್ಮೇಲೆ ಮೈಸೂರಲ್ಲಿ ಎಲ್‌ಎಲ್‌ಬಿ ಮಾಡ್ಬೇಕು, ಬಿಎ ನಾ ಬಿಕಾಂ ನಾ ಅಂತ ಕೇಳಿದೀರ. ಮೂರು ವರ್ಷದ ಎಲ್‌ಎಲ್‌ಬಿಗೆ ಇದೇ ಡಿಗ್ರಿ ಆಗ್ಬೇಕು ಅಂತ ರೂಲ್ಸ್ ಇಲ್ಲ, ವಕೀಲರ ಸಂಸ್ಥೆ ಬಾರ್ ಕೌನ್ಸಿಲ್‌ನ ನಿಯಮದ ಪ್ರಕಾರ ಡಿಗ್ರಿಲಿ ಜನರಲ್‌ಗೆ 45%, ಒಬಿಸಿಗೆ 42, ಎಸ್‌ಸಿ ಎಸ್‌ಟಿಗೆ 40 ಬಂದಿದ್ರೆ ಸಾಕು. ಹಾಗಾಗಿ ನಿಮಗೆ ಇಷ್ಟ ಇರೋದನ್ನೇ ತಗೊಳ್ಳಿ, ಇಷ್ಟ ಇಲ್ದೇ ಓದಿದ್ರೆ ಮಾರ್ಕ್ಸೂ ಬರಲ್ಲ.

ಟ್ಯಾಕ್ಸ್, ಜಿಎಸ್‌ಟಿ, ಕಂಪನಿ ಕೇಸ್ ಕಡೆ ಹೋಗೋ ಆಸೆ ಇದ್ರೆ ಬಿಕಾಂ, ಬ್ಯಾಲೆನ್ಸ್ ಶೀಟ್ ಓದೋಕೆ ಬರೋ ಲಾಯರ್‌ಗೆ ಬೆಲೆ ಜಾಸ್ತಿ. ಪೇಟೆಂಟ್ ಏಜೆಂಟ್, ಅಂದ್ರೆ ಹೊಸ ಆವಿಷ್ಕಾರಕ್ಕೆ ಹಕ್ಕು ಕೊಡ್ಸೋ ಕೆಲ್ಸ ಮಾಡೋರು, ಆಗೋದಾದ್ರೆ ಮಾತ್ರ ಸೈನ್ಸ್, ಇಂಜಿನಿಯರಿಂಗ್ ಇಲ್ಲಾ ಟೆಕ್ನಾಲಜಿ ಡಿಗ್ರಿ ಬೇಕೇ ಬೇಕು, ಅದರ ಪರೀಕ್ಷೆಗೆ ಬೇರೆಯವರನ್ನ ಕೂರ್ಸಲ್ಲ. ಬಿಎನಲ್ಲಿ ಪೊಲಿಟಿಕಲ್ ಸೈನ್ಸ್ ಓದಿದ್ರೆ ಸಂವಿಧಾನ ಆಗ್ಲೇ ಪರಿಚಯ ಆಗಿರತ್ತೆ.

ನಾನಂತೂ ಹೇಳೋದು, ಯಾವ್ ಡಿಗ್ರಿ ಆದ್ರೂ ಸರಿ ಕನ್ನಡ ಇಂಗ್ಲಿಷ್ ಎರಡೂ ಗಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ನಮ್ಮ ತಾಲ್ಲೂಕು ಕೋರ್ಟಲ್ಲಿ ಸಾಕ್ಷಿ ಹೇಳೋ ರೈತರು ಕನ್ನಡದಲ್ಲೇ ಮಾತಾಡ್ತಾರೆ, ಪಹಣಿ ಕ್ರಯಪತ್ರ ಎಲ್ಲಾ ಕನ್ನಡದಲ್ಲೇ ಇರತ್ತೆ, ಹೈಕೋರ್ಟ್ ತೀರ್ಪು ಓದೋಕೆ ಇಂಗ್ಲಿಷ್ ಬೇಕು. ಲಾ ಮಾಡೋದು ಗ್ಯಾರಂಟಿ ಅನ್ನೋ ಹಂಗಿದ್ರೆ ಪಿಯುಸಿ ಆದ ತಕ್ಷಣ ಡಿಗ್ರಿ ಲಾ ಎರಡೂ ಸೇರಿರೋ ಐದು ವರ್ಷದ ಕೋರ್ಸ್‌ಗೇ ಸೇರ್ಕೊಳ್ಳಿ, ಒಂದು ವರ್ಷ ಉಳಿಯತ್ತೆ.